ಸೆಟ್ಟು ಆಮೇಲೆ, ಆಂಟೆನಾ ಮೊದಲು

2025ರ ಜುಲೈ 4ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳೊಡನೆ ಹ್ಯಾಮ್ ರೇಡಿಯೋದಲ್ಲಿ, ಅಂದರೆ ಹವ್ಯಾಸಿಗಳ ರೇಡಿಯೋದಲ್ಲಿ, ಮಾತಾಡಿದರು. ನಿಲ್ದಾಣ ಸುತ್ತುತ್ತಿರುವುದು ನೆಲದಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿನ ಹ್ಯಾಮ್ ಸೆಟ್ಟಿನ ದನಿ ಭೂಮಿಗೆ ಇಳಿಯುವುದು 145.800 ಮೆಗಾಹರ್ಟ್ಸ್‌ನಲ್ಲಿ. ನಿಲ್ದಾಣ ನೆತ್ತಿಯ ಮೇಲೆ ಹಾದುಹೋಗುವ ಹೊತ್ತಿಗೆ ಬಯಲಿನಲ್ಲಿ ನಿಂತರೆ ಕೈಸೆಟ್ಟಿನಲ್ಲೂ ಅದು ಸ್ಪಷ್ಟವಾಗಿ ಕೇಳುತ್ತದೆ. ಅದೇ ಕೈಸೆಟ್ಟು ಹಿಡಿದು ಯಲಹಂಕದ ಮನೆಯೊಂದರ ಹಾಲ್‌ನಲ್ಲಿ ಕುಳಿತವರಿಗೆ 20 ಕಿ.ಮೀ. ಆಚೆ ಬನಶಂಕರಿಯಲ್ಲಿರುವ ಗೆಳೆಯ ಎಷ್ಟು ಕೂಗಿಕೊಂಡರೂ ಕೇಳುವುದಿಲ್ಲ. ಬ್ಯಾಂಡು ಒಂದೇ, ಸೆಟ್ಟೂ ಒಂದೇ. ಬಾಹ್ಯಾಕಾಶಕ್ಕೂ ಬಯಲಿಗೂ ನಡುವೆ ಅಡ್ಡ ಏನೂ ಇಲ್ಲ. ಯಲಹಂಕಕ್ಕೂ ಬನಶಂಕರಿಗೂ ನಡುವೆ ಇಡೀ ಬೆಂಗಳೂರು ನಿಂತಿದೆ.

ವಿಎಚ್‌ಎಫ್ ಎಂದರೆ 30ರಿಂದ 300 ಮೆಗಾಹರ್ಟ್ಸ್‌ವರೆಗಿನ ಅಲೆಗಳು. ನಮ್ಮ ದೇಶದ ಹ್ಯಾಮ್‌ಗಳು ಇದರಲ್ಲಿ ಹೆಚ್ಚಾಗಿ ಬಳಸುವುದು 144ರಿಂದ 146 ಮೆಗಾಹರ್ಟ್ಸ್. ಅಲೆಯ ಉದ್ದ ಸುಮಾರು ಎರಡು ಮೀಟರ್ ಆದ್ದರಿಂದ ಇದಕ್ಕೆ ಎರಡು ಮೀಟರ್ ಬ್ಯಾಂಡ್ ಎಂದೇ ಹೆಸರು. ಶಾರ್ಟ್‌ವೇವ್ ಅಲೆಗಳು ಮೇಲಿನ ಅಯಾನುಗೋಳಕ್ಕೆ ತಾಗಿ ಮತ್ತೆ ಕೆಳಗಿಳಿಯುತ್ತವೆ, ಹಾಗಾಗಿ ಸಮುದ್ರ ದಾಟಿ ಹೋಗುತ್ತವೆ. ವಿಎಚ್‌ಎಫ್ ಅಲೆಗಳು ಆ ಪದರವನ್ನು ಸಾಮಾನ್ಯವಾಗಿ ತೂರಿಕೊಂಡು ಆಚೆಗೆ ಹೊರಟುಬಿಡುತ್ತವೆ. ಹೀಗಾಗಿ ನೆಲದ ಮೇಲಿನ ಇಬ್ಬರು ಮಾತಾಡಬೇಕಾದರೆ ಇಬ್ಬರ ಆಂಟೆನಾಗಳೂ ಒಂದನ್ನೊಂದು ಹೆಚ್ಚುಕಡಿಮೆ ನೋಡುವಂತಿರಬೇಕು. ಸಮುದ್ರದ ಮೇಲೆ ಬಿಸಿಗಾಳಿಯ ಪದರ ಕೂತಾಗ ನೂರಾರು ಕಿಲೋಮೀಟರ್ ದಾಟುವ ಅದೃಷ್ಟದ ದಿನಗಳೂ ಉಂಟು. ಆದರೆ ಅದೃಷ್ಟವನ್ನು ನಂಬಿ ಯಾರೂ ಸಾಮಾನು ಕೊಳ್ಳಬಾರದು.

ಎಷ್ಟು ದೂರ ಕಾಣುತ್ತದೆ ಎನ್ನುವುದಕ್ಕೆ ಸುಲಭದ ಲೆಕ್ಕ ಇದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.1ರಿಂದ ಗುಣಿಸಿ, ಬಂದದ್ದು ಕಿಲೋಮೀಟರಿನಲ್ಲಿ ನಿಮ್ಮ ರೇಡಿಯೋ ದಿಗಂತ. ಆಚೆ ಕಡೆಯವರದ್ದನ್ನೂ ಹೀಗೇ ಲೆಕ್ಕ ಹಾಕಿ ಕೂಡಿಸಿ. ಎದೆಮಟ್ಟಕ್ಕೆ, ಅಂದರೆ ಒಂದೂವರೆ ಮೀಟರ್ ಎತ್ತರಕ್ಕೆ ಹಿಡಿದ ಕೈಸೆಟ್ಟಿಗೆ ಸಿಗುವುದು ಐದು ಕಿ.ಮೀ. ಮೂರಂತಸ್ತಿನ ಮನೆಯ ಟೆರೇಸಿನ ಮೇಲೆ ಒಂದು ಕಂಬ ನಿಲ್ಲಿಸಿ 16 ಮೀಟರಿಗೆ ಏರಿಸಿದರೆ ಹದಿನಾರು ಚಿಲ್ಲರೆ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್, ಸುತ್ತಲಿನ ಬಯಲಿಗಿಂತ ಐನೂರು ಮೀಟರಿಗೂ ಎತ್ತರ. ಅಲ್ಲಿ ನಿಂತವರಿಗೆ ಲೆಕ್ಕ ಕೊಡುವುದು ತೊಂಬತ್ತು ಕಿ.ಮೀ. ದಾಟಿದ ದಿಗಂತ. ಭಾನುವಾರ ಬೆಳಿಗ್ಗೆ ಹ್ಯಾಮ್‌ಗಳು ಜೇಬಿನಲ್ಲಿ ಐದು ವ್ಯಾಟ್ ಸೆಟ್ಟು ಇಟ್ಟುಕೊಂಡು ಬೆಟ್ಟ ಹತ್ತುವುದು ತಂಪುಗಾಳಿಗೆ ಮಾತ್ರ ಅಲ್ಲ.

ಪರೀಕ್ಷೆ ಪಾಸು ಮಾಡಿ ವಿಯು3 ಎಂದು ಶುರುವಾಗುವ ಕಾಲ್‌ಸೈನ್ ಪಡೆದವರು ಮೊದಲು ಕೇಳುವ ಪ್ರಶ್ನೆ ಗೊತ್ತಿರುವುದೇ: ‘ಸಾರ್, ಯಾವ ಸೆಟ್ ತಗೊಳ್ಳಲಿ?’ ಹಳಬರು ಮಾಡೆಲ್ ನಂಬರುಗಳನ್ನು ಪಟಪಟನೆ ಹೇಳುತ್ತಾರೆ. ನನ್ನ ಮಟ್ಟಿಗೆ ಪ್ರಶ್ನೆಯೇ ತಿರುವುಮುರುವು. ಆಂಟೆನಾ ಎಲ್ಲಿ ನಿಲ್ಲುತ್ತದೆ ಎನ್ನುವುದು ಮೊದಲ ಪ್ರಶ್ನೆ, ಯಾವ ಆಂಟೆನಾ ಎನ್ನುವುದು ಎರಡನೆಯದು, ಕೆಳಗಿಳಿಯುವ ಕೇಬಲ್ ಯಾವುದು ಎನ್ನುವುದು ಮೂರನೆಯದು. ಸೆಟ್ಟಿನ ಸರದಿ ಆಮೇಲೆ. ಹತ್ತು ಸಾವಿರ ರೂಪಾಯಿ ಇದ್ದರೆ ಅದರಲ್ಲಿ ಅರ್ಧವನ್ನಾದರೂ ಟೆರೇಸಿಗೂ ಕೇಬಲ್ಲಿಗೂ ತೆಗೆದಿಡಿ ಎನ್ನುತ್ತೇನೆ. ಅಂಗಡಿಯವರಿಗೆ ಈ ಮಾತು ರುಚಿಸುವುದಿಲ್ಲ.

ಜಾಗ ಎಂದ ಕೂಡಲೇ ಬಾಡಿಗೆ ಮನೆಯವರ ಮುಖ ಸಣ್ಣದಾಗುತ್ತದೆ. ಓನರ್ ಒಪ್ಪುವುದಿಲ್ಲ, ಅಪಾರ್ಟ್‌ಮೆಂಟ್ ಸಂಘದವರು ‘ರೇಡಿಯೇಷನ್’ ಎಂದು ತಕರಾರು ತೆಗೆಯುತ್ತಾರೆ. ಅಂಥವರು ಮೊದಲು ಊರಿನ ಹ್ಯಾಮ್ ಕ್ಲಬ್ಬಿನಲ್ಲಿ ವಿಚಾರಿಸಬೇಕಾದದ್ದು ರಿಪೀಟರ್ ಬಗ್ಗೆ. ಎತ್ತರದ ಕಟ್ಟಡದ ಮೇಲೋ ಗುಡ್ಡದ ಮೇಲೋ ಕೂತಿರುವ ಈ ಯಂತ್ರ ಒಂದು ಫ್ರೀಕ್ವೆನ್ಸಿಯಲ್ಲಿ ನಿಮ್ಮನ್ನು ಕೇಳಿಸಿಕೊಂಡು, ಎರಡು ಮೀಟರ್ ಬ್ಯಾಂಡಿನಲ್ಲಿ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರದ ಇನ್ನೊಂದರಲ್ಲಿ, ಅದೇ ಕ್ಷಣ ಮತ್ತೆ ಬಿತ್ತರಿಸುತ್ತದೆ. ನಿಮ್ಮ ಬಾಲ್ಕನಿಯಿಂದ ರಿಪೀಟರ್ ಕಾಣುವ ದಿಕ್ಕು ಸಿಕ್ಕರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಎತ್ತರದ ಖರ್ಚನ್ನು ಕ್ಲಬ್ಬು ನಿಮ್ಮ ಪರವಾಗಿ ಮಾಡಿರುತ್ತದೆ.

ಈಗ ಆಂಟೆನಾಕ್ಕೆ ಬರೋಣ. ಕೈಸೆಟ್ಟಿನ ಜೊತೆ ಬರುವ ರಬ್ಬರ್ ಹೊದಿಕೆಯ ಮೋಟು ಆಂಟೆನಾ ಒಂದು ರಾಜಿ ಅಷ್ಟೇ. ಕಾಲು ಅಲೆಯುದ್ದ ಬೇಕಾದ ತಂತಿಯನ್ನು ಸುರುಳಿ ಸುತ್ತಿ ಜೇಬಿಗೆ ಹಿಡಿಯುವಂತೆ ಮಾಡಿರುತ್ತಾರೆ, ಸೆಟ್ಟು ಕಳಿಸಿದ ಶಕ್ತಿಯ ದೊಡ್ಡ ಪಾಲು ಅಲ್ಲಿಯೇ ಸೋರಿಹೋಗುತ್ತದೆ. ಕಾಸು ಖರ್ಚಿಲ್ಲದ ಒಂದು ಉಪಾಯ ಇದೆ: 49 ಸೆಂ.ಮೀ. ಉದ್ದದ ತಂತಿಯ ಒಂದು ತುದಿಯನ್ನು ಆಂಟೆನಾ ಕನೆಕ್ಟರಿನ ಹೊರಲೋಹಕ್ಕೆ ತಾಗುವಂತೆ ಸಿಕ್ಕಿಸಿ ಉಳಿದದ್ದನ್ನು ಕೆಳಗೆ ಜೋತುಬಿಡಿ. ಹ್ಯಾಮ್‌ಗಳು ಇದನ್ನು ಟೈಗರ್ ಟೇಲ್ ಎನ್ನುತ್ತಾರೆ. ನೋಡಲು ಚೆಂದವಿಲ್ಲ, ಆದರೆ ರಿಪೀಟರನ್ನು ಮುಟ್ಟದ ಸೆಟ್ಟು ಮುಟ್ಟುತ್ತದೆ.

ಹೊಸಬರು ಕೊಳ್ಳಬಾರದ, ಕೈಯಾರೆ ಮಾಡಲೇಬೇಕಾದ ಆಂಟೆನಾ ಗ್ರೌಂಡ್‌ಪ್ಲೇನ್. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಗೆ ಹೋಗಿ ನಾಲ್ಕು ತೂತುಗಳ ಚೌಕ ತಟ್ಟೆ ಇರುವ ಎಸ್‌ಒ-239 ಸಾಕೆಟ್ ಒಂದನ್ನು ತನ್ನಿ. ಮೂರು ಮಿ.ಮೀ. ದಪ್ಪದ ತಾಮ್ರದ ಅಥವಾ ಹಿತ್ತಾಳೆಯ ಸರಳು ಐದು ತುಂಡು ಬೇಕು. ಒಂದನ್ನು ಸಾಕೆಟ್ಟಿನ ನಡುಪಿನ್ನಿಗೆ ನೆಟ್ಟಗೆ ಬೆಸುಗೆ ಹಾಕಿ. ಉಳಿದ ನಾಲ್ಕನ್ನು ತಟ್ಟೆಯ ನಾಲ್ಕು ಮೂಲೆಗೆ ಸ್ಕ್ರೂ ಬಿಗಿದು, 45 ಡಿಗ್ರಿಯಷ್ಟು ಕೆಳಕ್ಕೆ ಬಗ್ಗಿಸಿ. ಬಗ್ಗಿಸುವುದಕ್ಕೆ ಕಾರಣವಿದೆ. ನಾಲ್ಕೂ ಸರಳುಗಳು ಅಡ್ಡಡ್ಡ ನಿಂತರೆ ಆಂಟೆನಾದ ರೋಧ ಸುಮಾರು 36 ಓಮ್, ಕೆಳಕ್ಕೆ ಬಾಗಿದಂತೆ ಅದು ಏರುತ್ತಾ ಕೇಬಲ್ಲಿಗೂ ಸೆಟ್ಟಿಗೂ ಒಗ್ಗುವ 50 ಓಮ್ ಹತ್ತಿರ ಬರುತ್ತದೆ. ನೇರ ಸರಳಿನ ಕೊನೆಯ ಅಳತೆ ಸುಮಾರು 49 ಸೆಂ.ಮೀ. ಇದ್ದರೂ ಮೊದಲು 52 ಇಟ್ಟುಕೊಂಡು, ಮುಂದೆ ಹೇಳುವ ಎಸ್‌ಡಬ್ಲ್ಯುಆರ್ ಮೀಟರ್ ನೋಡುತ್ತಾ ಅರ್ಧರ್ಧ ಸೆಂಟಿಮೀಟರ್ ಕತ್ತರಿಸುತ್ತಾ ಬನ್ನಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸುವುದು ಕಷ್ಟ. ಕೆಳಗಿನ ನಾಲ್ಕಕ್ಕೆ 52 ಇರಲಿ. ಸರಳುಗಳ ತುದಿಯನ್ನು ಇಕ್ಕಳದಿಂದ ಸಣ್ಣ ಕುಣಿಕೆಯಾಗಿ ಮಡಿಸಿ, ಬಟ್ಟೆ ಒಣಗಿಸಲು ಟೆರೇಸಿಗೆ ಬಂದವರ ಕಣ್ಣಿಗೆ ಚುಚ್ಚದಿರಲಿ. ಒಂದಿಂಚಿನ ಪಿವಿಸಿ ಪೈಪಿನೊಳಗಿಂದ ಕೇಬಲ್ ತಂದು ಸಾಕೆಟ್ಟಿಗೆ ತಿರುಗಿಸಿದರೆ ಆಂಟೆನಾ ತಯಾರು. ಐನೂರು ರೂಪಾಯಿಯೊಳಗೆ ಮುಗಿಯುವ ಈ ಕೆಲಸ, ಅಂಗಡಿಯಲ್ಲಿ ಅದರ ಹತ್ತು ಪಟ್ಟು ಕೊಟ್ಟು ತಂದು ಕಿಟಕಿ ಬಳಿ ಇಟ್ಟ ಆಂಟೆನಾವನ್ನು ನಾಚಿಸುತ್ತದೆ.

ಕಂಬ ನಿಲ್ಲಿಸಲಾಗದವರಿಗೆ ಸ್ಲಿಮ್ ಜಿಮ್ ಇದೆ. ಬ್ರಿಟನ್ನಿನ ಹ್ಯಾಮ್ ಫ್ರೆಡ್ ಜಡ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಈ ಆಂಟೆನಾವನ್ನು 300 ಓಮ್‌ನ ಚಪ್ಪಟೆ ರಿಬ್ಬನ್ ವೈರಿನಲ್ಲೇ ಮಾಡಬಹುದು. ದೂರದರ್ಶನದ ಕಾಲದಲ್ಲಿ ಟೆರೇಸಿನ ಆಂಟೆನಾದಿಂದ ಟಿ.ವಿ.ಗೆ ಇಳಿಯುತ್ತಿದ್ದ ಚಪ್ಪಟೆ ವೈರ್ ನೆನಪಿದೆಯಲ್ಲ, ಅದೇ. ಉದ್ದ ಒಂದೂವರೆ ಮೀಟರ್ ಆಸುಪಾಸು. ರಾತ್ರಿ ಬಾಲ್ಕನಿಯ ಗ್ರಿಲ್ಲಿನಿಂದ ಒಂದು ಕೋಲು ಆಚೆ ಚಾಚಿ ನೇತುಹಾಕಿ, ಬೆಳಿಗ್ಗೆ ಸುತ್ತಿ ಕಪಾಟಿನಲ್ಲಿಡಬಹುದು. ಸಂಘದ ಕಾರ್ಯದರ್ಶಿಗೆ ಕಾಣುವುದೇ ಇಲ್ಲ. ಗ್ರಿಲ್ಲಿಗೆ ತಾಗಿಸಬೇಡಿ, ಒಂದಡಿಯಾದರೂ ದೂರವಿರಲಿ.

ಅಂಗಡಿಯ ಆಂಟೆನಾ ಕೊಳ್ಳುವವರು ಡಬ್ಬದ ಮೇಲಿನ ‘ಗೇನ್’ ಅಂಕಿಯನ್ನು ಅನುಮಾನದಿಂದಲೇ ನೋಡಬೇಕು. ಆಂಟೆನಾ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆಗೆ ಕೊಡುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಕಾಲ್ಪನಿಕ ಆಂಟೆನಾಕ್ಕೆ ಹೋಲಿಸಿ ಬರೆದ ಅಂಕಿ, ಅರ್ಧ ಅಲೆಯುದ್ದದ ನಿಜವಾದ ಡೈಪೋಲ್ ಆಂಟೆನಾಕ್ಕೆ ಹೋಲಿಸಿದ್ದಕ್ಕಿಂತ 2.15 ಡೆಸಿಬೆಲ್ ಹೆಚ್ಚು ಕಾಣುತ್ತದೆ. ಯಾವುದಕ್ಕೆ ಹೋಲಿಸಿದ್ದು ಎಂದು ಹೇಳದೆ ಬರೀ ‘9 ಡಿಬಿ’ ಎಂದು ಬರೆದಿದ್ದರೆ ನಂಬಬೇಡಿ. ಉದ್ದುದ್ದ ಫೈಬರ್‌ಗ್ಲಾಸ್ ಆಂಟೆನಾಗಳು ಕಿರಣವನ್ನು ದಿಗಂತದ ಮಟ್ಟಕ್ಕೆ ಚಪ್ಪಟೆಯಾಗಿ ಹಿಸುಕುತ್ತವೆ. ವಿಜಯಪುರದ ಬಯಲಿಗೆ ಅದು ಲಾಭ. ಮಲೆನಾಡಿನ ಕಣಿವೆಯೊಳಗಿನ ಮನೆಯಿಂದ ಗುಡ್ಡದ ನೆತ್ತಿಯ ರಿಪೀಟರನ್ನು ಮುಟ್ಟಬೇಕಾದವರಿಗೆ ಅದೇ ಗುಣ ಅಡ್ಡಿಯಾಗಬಹುದು, ಅಲ್ಲಿ ಸಾಧಾರಣ ಗ್ರೌಂಡ್‌ಪ್ಲೇನೇ ವಾಸಿ.

ಒಂದೇ ದಿಕ್ಕಿಗೆ ಮಾತಾಡುವವರ ಆಯ್ಕೆ ‘ಯಾಗಿ’ ಆಂಟೆನಾ. 1926ರ ಹೊತ್ತಿಗೆ ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಪ್ರಯೋಗಗಳಲ್ಲಿ ಹೆಚ್ಚು ಬೆವರಿದವರು ಶಿಂತಾರೊ ಉದಾ, ಜನರ ಬಾಯಲ್ಲಿ ಉಳಿದದ್ದು ಅವರ ಹಿರಿಯ ಸಹೋದ್ಯೋಗಿ ಯಾಗಿಯವರ ಹೆಸರು. ಎಂಬತ್ತರ ದಶಕದಲ್ಲಿ ನಮ್ಮ ಮಾಡುಗಳ ಮೇಲೆ ನಿಂತಿದ್ದ ಟಿ.ವಿ. ಆಂಟೆನಾಗಳೂ ಇದೇ ಕುಲದವು. ಇಸ್ರೋ 2005ರ ಮೇ 5ರಂದು ಹಾರಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹದ ಮೂಲಕ ಎಷ್ಟೋ ಮಂದಿ ಮಾತಾಡಿದ್ದು ಕೈಯಲ್ಲೇ ಹಿಡಿದ ಪುಟ್ಟ ಯಾಗಿಯಿಂದ. ಮೂರು ಕಡ್ಡಿಗಳ ಯಾಗಿ ಡೈಪೋಲ್‌ಗಿಂತ ಐದಾರು ಡೆಸಿಬೆಲ್ ಹೆಚ್ಚು ಕೊಡುತ್ತದೆ, ಅಂದರೆ ಆ ದಿಕ್ಕಿಗೆ ಮೂರುನಾಲ್ಕು ಪಟ್ಟು ಶಕ್ತಿ. ಕೇಳುವಾಗಲೂ ಅಷ್ಟೇ ಲಾಭ, ಅದೂ ಕರೆಂಟು ಬಿಲ್ಲಿಲ್ಲದೆ. ಒಂದು ಎಚ್ಚರಿಕೆ: ಎಫ್‌ಎಂನಲ್ಲಿ, ರಿಪೀಟರಿನಲ್ಲಿ ಮಾತಾಡುವವರು ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಬೇಕು. ಹಳೆಯ ಟಿ.ವಿ. ಆಂಟೆನಾದಂತೆ ಅಡ್ಡ ಮಲಗಿಸಿದರೆ ಸಂಕೇತ 20 ಡೆಸಿಬೆಲ್‌ನಷ್ಟು, ಅಂದರೆ ನೂರರಲ್ಲಿ ಒಂದು ಪಾಲಿಗೆ ಕುಸಿಯಬಹುದು. ಎಸ್‌ಎಸ್‌ಬಿ ಎಂಬ ಬೇರೆ ವಿಧಾನದಲ್ಲಿ ದೂರದವರೊಡನೆ ಮಾತಾಡುವವರು ಮಾತ್ರ ಅಡ್ಡ ಇಡುತ್ತಾರೆ.

ಕೇಬಲ್ ವಿಷಯದಲ್ಲಿ ನಮ್ಮವರು ತೋರುವ ಜಿಪುಣತನ ನನಗೆ ಇನ್ನೂ ಅರ್ಥವಾಗಿಲ್ಲ. ಮೂವತ್ತು ಸಾವಿರದ ಸೆಟ್ಟಿಗೆ ಅಂಗಡಿಯಲ್ಲಿ ಸಿಕ್ಕ ಅಗ್ಗದ ಸಣ್ಣ ಕೇಬಲ್ ಸಿಕ್ಕಿಸುತ್ತಾರೆ. ತೆಳುವಾದ ಆರ್‌ಜಿ-58 ಕೇಬಲ್ ಎರಡು ಮೀಟರ್ ಬ್ಯಾಂಡಿನಲ್ಲಿ ನೂರು ಮೀಟರಿಗೆ ಸುಮಾರು 20 ಡೆಸಿಬೆಲ್ ನುಂಗುತ್ತದೆ. ಟೆರೇಸಿನಿಂದ ಕೋಣೆಗೆ 25 ಮೀಟರ್ ಎಂದಿಟ್ಟುಕೊಳ್ಳಿ, ಐದು ಡೆಸಿಬೆಲ್ ಹೋಯಿತು. ಸೆಟ್ಟಿನಿಂದ ಹೊರಟ 25 ವ್ಯಾಟ್‌ನಲ್ಲಿ ಆಂಟೆನಾ ತಲುಪುವುದು ಎಂಟು, ಉಳಿದ ಹದಿನೇಳು ಗೋಡೆಯ ಮೇಲಿನ ಕೇಬಲನ್ನು ಬೆಚ್ಚಗೆ ಮಾಡುವುದಕ್ಕೆ. ಬೆರಳುದಪ್ಪದ ಆರ್‌ಜಿ-213 ಆದರೆ ಹದಿನೈದು ವ್ಯಾಟ್ ತಲುಪುತ್ತದೆ, ಎಲ್‌ಎಂಆರ್-400 ಆದರೆ ಹತ್ತೊಂಬತ್ತರ ಹತ್ತಿರ. ಸಂಕೇತ ಮೇಲಿನಿಂದ ಕೆಳಗೆ ಬರುವಾಗಲೂ ಇದೇ ನಷ್ಟ. ಸೆಟ್ಟಿನ ಶಕ್ತಿ ಏರಿಸಿದರೆ ನಿಮ್ಮ ದನಿ ದೊಡ್ಡದಾದೀತು, ಕ್ಷೀಣವಾಗಿ ಬರುವ ಗೆಳೆಯನ ದನಿ ಮಾತ್ರ ಕೇಬಲ್ಲಿನಲ್ಲೇ ಸತ್ತಿರುತ್ತದೆ.

ದುಬಾರಿ ಕೇಬಲ್ ಆಗದವರಿಗೆ ದಾರಿ ಇದೆ. ಡಿಶ್ ಟಿ.ವಿ.ಯ ಹುಡುಗರು ಊರೂರಲ್ಲಿ ಎಳೆಯುವ ಆರ್‌ಜಿ-6 ಕೇಬಲ್ ಅಗ್ಗ, ಆದರೂ ಈ ಬ್ಯಾಂಡಿನಲ್ಲಿ ಆರ್‌ಜಿ-58ರ ಅರ್ಧಕ್ಕಿಂತ ಕಡಿಮೆ ನುಂಗುತ್ತದೆ. ಅದು 75 ಓಮ್‌ನದ್ದು, ಸೆಟ್ಟು 50 ಓಮ್‌ನದ್ದು. ಈ ಅಸಮತೆಯಿಂದ ಆಗುವ ನಷ್ಟ ಚಿಲ್ಲರೆ. ತೊಂದರೆ ಇರುವುದು ಅದರ ಹೊರಜಾಲರಿಯಲ್ಲಿ. ಅದು ಸಾಮಾನ್ಯವಾಗಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಟಿ.ವಿ.ಯವರ ಎಫ್ ಕನೆಕ್ಟರ್ ಹಾಕಿ ಅಡಾಪ್ಟರ್ ಸಿಕ್ಕಿಸಿಕೊಳ್ಳಬೇಕು.

ಎಸ್‌ಡಬ್ಲ್ಯುಆರ್ ಎಂಬುದು ಹ್ಯಾಮ್‌ಗಳ ಬಿ.ಪಿ. ಇದ್ದಹಾಗೆ, ಎಲ್ಲರೂ ಅಳೆಯುತ್ತಾರೆ, ಎಲ್ಲರೂ ಚಿಂತಿಸುತ್ತಾರೆ. ಆಂಟೆನಾ ಒಲ್ಲೆನೆಂದು ವಾಪಸು ಕಳಿಸುವ ಶಕ್ತಿಯ ಅಳತೆ ಅದು. 1.5 ಬಂದರೆ ವಾಪಸಾಗುವುದು ನೂರಕ್ಕೆ ನಾಲ್ಕು ಪಾಲು, 2 ಬಂದರೆ ಹನ್ನೊಂದು. 1.4ನ್ನು 1.1ಕ್ಕೆ ಇಳಿಸಲು ಇಡೀ ಭಾನುವಾರ ಟೆರೇಸಿನಲ್ಲಿ ಬಿಸಿಲು ಕಾಯುವುದು ವ್ಯರ್ಥ. ಅದಕ್ಕಿಂತ ಮುಖ್ಯವಾದ ಮಾತು: ಕೆಟ್ಟ ಕೇಬಲ್ ಒಳ್ಳೆಯ ಎಸ್‌ಡಬ್ಲ್ಯುಆರ್ ತೋರಿಸುತ್ತದೆ. ಮೇಲೆ ಹೇಳಿದ 25 ಮೀಟರ್ ಆರ್‌ಜಿ-58ರ ತುದಿಯಿಂದ ಆಂಟೆನಾ ಕಿತ್ತು ಬಿದ್ದಿದ್ದರೂ, ಹೋಗುವಾಗ ಐದು ಬರುವಾಗ ಐದು ಡೆಸಿಬೆಲ್ ಸವೆದು, ಕೆಳಗಿನ ಮೀಟರಿನಲ್ಲಿ 1.9 ಕಾಣುತ್ತದೆ! ಹಾಗಾಗಿ ಅಳೆಯುವುದಾದರೆ ಆಂಟೆನಾದ ಬುಡದಲ್ಲಿ ಅಳೆಯಿರಿ. ಅಂಗೈಯಗಲದ ನ್ಯಾನೊವಿಎನ್‌ಎ ಉಪಕರಣ ಈ ಕೆಲಸಕ್ಕೆ ಸಾಕು, ಕ್ಲಬ್ಬಿನಲ್ಲಿ ಯಾರ ಬಳಿಯಾದರೂ ಇದ್ದೇ ಇರುತ್ತದೆ.

ಇನ್ನು ಸೆಟ್ಟು. ಮೊದಲ ಸೆಟ್ಟಾಗಿ ಐದು ವ್ಯಾಟ್‌ನ ಕೈಸೆಟ್ಟು, ನಮ್ಮವರ ಮಾತಿನಲ್ಲಿ ‘ಹ್ಯಾಂಡಿ’, ತಪ್ಪಲ್ಲ. ಆದರೆ ಅತಿ ಅಗ್ಗದ ಚೀನಾ ಹ್ಯಾಂಡಿಗಳಿಗೆ ಒಂದು ಕಾಯಿಲೆ ಇದೆ. ಅವುಗಳ ರಿಸೀವರಿನ ಬಾಗಿಲಲ್ಲಿ ಕಾವಲು ಸಡಿಲ. ಮೋಟು ಆಂಟೆನಾದಲ್ಲಿ ಸುಮ್ಮನಿದ್ದ ಸೆಟ್ಟಿಗೆ ಟೆರೇಸಿನ ದೊಡ್ಡ ಆಂಟೆನಾ ಜೋಡಿಸಿದ ಕೂಡಲೇ ನಗರದ ಎಫ್‌ಎಂ ಸ್ಟೇಷನ್ನುಗಳು, ಇತರ ವೈರ್‌ಲೆಸ್‌ಗಳು ಎಲ್ಲವೂ ಒಟ್ಟಿಗೆ ನುಗ್ಗಿ, ಬೇಕಾದ ಕ್ಷೀಣ ದನಿ ಮುಚ್ಚಿಹೋಗುತ್ತದೆ. ಆಂಟೆನಾ ಕೆಟ್ಟಿದೆ ಎಂದು ಹೊಸಬರು ಅದನ್ನು ಇಳಿಸಿಬಿಡುತ್ತಾರೆ. ಪಾಪ, ತಪ್ಪು ಆಂಟೆನಾದ್ದಲ್ಲ. ಮನೆಯಲ್ಲಿ ಕೂತು ಮಾತಾಡುವವರಿಗೆ ನನ್ನ ಸಲಹೆ ಕಾರಿಗೆಂದೇ ಮಾಡಿದ ಮೊಬೈಲ್ ರಿಗ್, ಸೆಕೆಂಡ್ ಹ್ಯಾಂಡ್ ಆದರೂ ಸರಿ. ರಿಸೀವರ್ ಗಟ್ಟಿ, ಸ್ಪೀಕರ್ ದೊಡ್ಡದು, ಬಿಸಿ ಹೊರಹಾಕುವ ಲೋಹದ ಮೈ.

ವ್ಯಾಟ್‌ನ ಹಿಂದೆ ಓಡಬೇಡಿ. 25ನ್ನು 50 ಮಾಡಿದರೆ ಸಿಗುವುದು ಮೂರು ಡೆಸಿಬೆಲ್, ಆಚೆಯವರ ಸೆಟ್ಟಿನಲ್ಲಿ ಸಂಕೇತದ ಬಲ ತೋರುವ ಮೀಟರಿನಲ್ಲಿ ಅರ್ಧ ಎಸ್ ಯೂನಿಟ್. ಅವರಿಗೆ ಗೊತ್ತೂ ಆಗುವುದಿಲ್ಲ. ಕೇಬಲ್ ಬದಲಿಸಿದರೂ ಅಷ್ಟೇ ಸಿಗುತ್ತಿತ್ತು, ಕೇಳುವುದೂ ಸುಧಾರಿಸುತ್ತಿತ್ತು. ನಿಮ್ಮ ಪರವಾನಗಿಯಲ್ಲಿ ಬರೆದಿರುವ ಶಕ್ತಿಯ ಮಿತಿಯನ್ನೂ ಒಮ್ಮೆ ಓದಿ. ಮೊಬೈಲ್ ರಿಗ್‌ಗಳಿಗೆ ಬೇಕಾದದ್ದು 13.8 ವೋಲ್ಟ್, 50 ವ್ಯಾಟ್ ಹೊರಡಿಸುವಾಗ ಹತ್ತು ಆಂಪಿಯರ್ ಮೀರಿ ಎಳೆಯುತ್ತವೆ. ಕರೆಂಟು ಹೋದಾಗ ಮನೆಯ ಯುಪಿಎಸ್ಸಿನ 12 ವೋಲ್ಟ್ ಬ್ಯಾಟರಿಯೇ ಆಗುತ್ತದೆ. ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಹಾಕಿ, ದಪ್ಪ ವೈರ್ ಎಳೆಯಿರಿ. ಕೊಡಗಿನ 2018ರ ಮಳೆಯಂಥ ದಿನಗಳಲ್ಲಿ ಕರೆಂಟು, ಮೊಬೈಲ್ ಟವರ್ ಎರಡೂ ಕೈಕೊಟ್ಟಾಗ ಇಂಥ ಬ್ಯಾಟರಿಯ ಸೆಟ್ಟುಗಳಿಗೇ ಬೆಲೆ.

ಮಳೆ ಎಂದಾಗ ಇನ್ನೊಂದು. ಕೇಬಲ್ಲಿಗೆ ನೀರು ಹೊಕ್ಕರೆ ಜಾಲರಿಯ ತಾಮ್ರ ಕಪ್ಪಾಗಿ ಇಡೀ ಕೇಬಲ್ ಗುಜರಿಗೆ. ಮೇಲಿನ ಕನೆಕ್ಟರಿಗೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಅದರ ಮೇಲೆ ಕರಿ ಟೇಪು ಸುತ್ತಬೇಕು. ಗೋಡೆಯ ತೂತಿನೊಳಗೆ ಹೋಗುವ ಮೊದಲು ಕೇಬಲ್ ಒಂದು ಬಳಸು ಕೆಳಕ್ಕೆ ಬಾಗಿರಲಿ, ನೀರು ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾಗುವ ಮುನ್ನ ಕಂಬಕ್ಕೆ ಅರ್ಥಿಂಗ್ ಇದೆಯೇ ನೋಡಿ. ಮೋಡ ಕಟ್ಟಿದಾಗ ಸೆಟ್ಟಿನಿಂದ ಕೇಬಲ್ ಬಿಚ್ಚಿ ಹೊರಗೇ ಬಿಡಿ. ಎಲ್ಲಕ್ಕಿಂತ ಮೊದಲು ಕರೆಂಟು ಲೈನ್ ಎಷ್ಟು ದೂರ ಇದೆ ನೋಡಿ. ಕಂಬದ ಜಿಐ ಪೈಪು ಕೈತಪ್ಪಿ ಉದ್ದಕ್ಕೆ ಬಿದ್ದರೂ ತಂತಿಗೆ ತಾಗದಷ್ಟು ಜಾಗ ಇಲ್ಲದಿದ್ದರೆ ಅಲ್ಲಿ ಕಂಬ ನಿಲ್ಲಿಸಲೇಬೇಡಿ. ಈ ಒಂದು ವಿಷಯದಲ್ಲಿ ರಾಜಿ ಇಲ್ಲ.

ಆನ್‌ಲೈನ್‌ನಲ್ಲಿ ವಾಕಿಟಾಕಿ ಕಂಡ ಕೂಡಲೇ ಬುಕ್ ಮಾಡುವವರಿಗೂ ಒಂದು ಮಾತು. ಪರವಾನಗಿ ಇಲ್ಲದೆ ಈ ಬ್ಯಾಂಡಿನಲ್ಲಿ ಪ್ರಸಾರ ಮಾಡುವುದು ಅಪರಾಧ. ಪರವಾನಗಿ ಬೇಕೆಂಬುದನ್ನು ತಿಳಿಸದೆ ವಾಕಿಟಾಕಿ ಮಾರುತ್ತಿದ್ದ ಜಾಲತಾಣಗಳಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ನೋಟಿಸ್ ಕೊಟ್ಟಿದೆ. ಹನ್ನೆರಡು ವರ್ಷ ತುಂಬಿದ ಯಾರೇ ಆದರೂ ದೂರಸಂಪರ್ಕ ಇಲಾಖೆಯ ಪರೀಕ್ಷೆಗೆ ಕೂರಬಹುದು. ಪರೀಕ್ಷೆಗೂ ಪರವಾನಗಿ ಕೈಸೇರುವುದಕ್ಕೂ ನಡುವೆ ಕಾಯಬೇಕಾಗುತ್ತದೆ. ಆ ಹೊತ್ತಿನಲ್ಲಿ ಸೆಟ್ಟುಗಳ ಕ್ಯಾಟಲಾಗ್ ತಿರುವುವ ಬದಲು ಬೆಸುಗೆ ಹಾಕುವುದನ್ನು ಕಲಿಯಿರಿ, ಕ್ಲಬ್ಬಿಗೆ ಹೋಗಿ ಹಳಬರ ಪಕ್ಕ ಕೂತು ಕೇಳಿ, 49 ಸೆಂ.ಮೀ. ಸರಳು ಕತ್ತರಿಸಿಟ್ಟುಕೊಳ್ಳಿ. ಅದಕ್ಕೆ ಯಾವ ಪರವಾನಗಿಯೂ ಬೇಕಿಲ್ಲ.